ತುಕ್ಕು ಸಾಕುವವಳು

ಗೋಧಿಗೆ ರೋಗ ಬಂದರೆ ಬೆಳೆದವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಅವಳಿಗೆ ಮಾತ್ರ ರೋಗ ಬರದಿದ್ದರೆ ತಲೆನೋವು. ಗೋಧಿ ಸಂಶೋಧನಾ ಕೇಂದ್ರದಲ್ಲಿ ಅವಳ ಕೆಲಸವೇ ತುಕ್ಕು ರೋಗವನ್ನು ಸಾಯಗೊಡದೆ ಸಾಕುವುದು. ಕಿತ್ತಳೆ ಬಣ್ಣದ ಪುಡಿಯಾಗಿ ಏಳುವ ಈ ಹಾಳು ಶಿಲೀಂಧ್ರ ಜೀವಂತ ಎಲೆಯ ಮೇಲಲ್ಲದೆ ಬೆಳೆಯುವುದಿಲ್ಲ. ಹಾಗಾಗಿ ಗಾಜಿನ ಮನೆಯ ಕುಂಡಗಳಲ್ಲಿ ಯಾವ ರೋಗವನ್ನೂ ತಡೆಯಲಾರದ ಬಡಪಾಯಿ ತಳಿಯೊಂದನ್ನು ಬೆಳೆಸಿ, ಹಳೆಯ ಎಲೆಯ ಪುಡಿಯನ್ನು ಹೊಸ ಎಲೆಗೆ ಸವರಿ, ನೀರು ಸಿಂಪಡಿಸಿ, ತೇವ ಆರದಂತೆ ಪ್ಲಾಸ್ಟಿಕ್ ಹೊದಿಸಬೇಕು. ಹೀಗೆ ಹಾವಿಗೆ ಹಾಲೆರೆಯುತ್ತಲೇ ಅವಳ ಕೂದಲು ನೆರೆತಿತ್ತು. ಹೊಸ ತಳಿ ಯಾವುದೇ ಬರಲಿ, ಈ ಪುಡಿಯನ್ನು ಎರಚಿಸಿಕೊಂಡು ಗೆಲ್ಲಬೇಕು. ಜೊತೆಯವರು ಅವಳನ್ನು ತುಕ್ಕಮ್ಮ ಎಂದು ಕರೆದರು. ಹೆಸರಿಟ್ಟವರೆಲ್ಲ ನಿವೃತ್ತರಾದರು, ಹೆಸರು ಉಳಿಯಿತು.

"ಸುಮ್ನಿರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ನಿಂಗದಕ್ಕೆ ಸಂಬಳ ಬೇರೆ ಕೊಡ್ತಾರೆ ಪುಟ್ಟಿ," ಎಂದು ಅಣ್ಣ ನಗುತ್ತಿದ್ದ. ಐವತ್ತು ದಾಟಿದರೂ ಅವನಿಗೆ ಅವಳು ಪುಟ್ಟಿಯೇ. ಅಪ್ಪನ ಹೊಲದಲ್ಲಿ ಈಗಲೂ ಗೋಧಿ ಬೆಳೆಯುತ್ತಿದ್ದವನು ಅವನು. ಆದರೆ ವರ್ಷ ವರ್ಷವೂ ತುಕ್ಕು ಹಿಡಿದು ಕಾಳು ಸುಕ್ಕಾಗುತ್ತಿತ್ತು. ಪಕ್ಕದ ಇಟ್ಟಿಗೆ ಭಟ್ಟಿಯವನು ಹೊಲದ ಮಣ್ಣಿಗಾಗಿ ಬೆನ್ನು ಬಿದ್ದಿದ್ದ. ಮೇಲ್ಮಣ್ಣು ಒಮ್ಮೆ ಹೋಯಿತೆಂದರೆ ಅಲ್ಲಿ ಮತ್ತೆ ಗೋಧಿಯ ಮಾತಿಲ್ಲ.

"ನಿನ್ನ ತುಕ್ಕು ಹಿಡಿಯದ ಬೀಜ ಬರುತ್ತೆ ಅಂದ್ರೆ ಕಾಯ್ತೀನಿ," ಎಂದ ಅಣ್ಣ. "ಇಲ್ಲಾಂದ್ರೆ ಭಟ್ಟಿಯವನಿಗೆ ಹೂಂ ಅಂತೀನಿ. ನಂಗೂ ಸಾಕಾಗಿದೆ."

"ಬರುತ್ತಣ್ಣ. ಒಂದೇ ಒಂದು ಪರೀಕ್ಷೆ ಬಾಕಿ."

ಅವಳು ಬಾಯಿಮಾತಿಗೆ ಹೇಳಿದ್ದಲ್ಲ. ತಳಿ ತಯಾರಿಸುವ ಸಾಹೇಬರು ಗೋಧಿಯ ದೂರದ ನೆಂಟನಾದ ಕಾಡುಹುಲ್ಲೊಂದರಿಂದ ತುಕ್ಕು ತಡೆಯುವ ಜೀನ್ ತಂದು ಹೊಸ ತಳಿಯೊಂದಕ್ಕೆ ಸೇರಿಸಿದ್ದರು. ಪುಡಿ ಕೂತ ಜಾಗವನ್ನು ಆ ಎಲೆ ತಾನೇ ಸಾಯಿಸಿಬಿಡುತ್ತಿತ್ತು. ಒಂದು ಮಸುಕು ಚುಕ್ಕೆ ಉಳಿದು, ತುಕ್ಕು ಅಲ್ಲೇ ಹಸಿದು ಸಾಯುತ್ತಿತ್ತು. ಅವಳ ಬಳಿಯಿದ್ದ ಎಲ್ಲ ತುಕ್ಕುಗಳನ್ನೂ ಅದು ಗೆದ್ದಿತ್ತು. ಆ ವರ್ಷ ಹೊಲಗಳಲ್ಲಿ ಕಂಡ ತುಕ್ಕು ಮಾತ್ರ ಉಳಿದಿತ್ತು. ಅದಕ್ಕೆಂದು ಅಣ್ಣನ ಹೊಲದಿಂದಲೇ ರೋಗದ ಎಲೆಗಳನ್ನು ಕಿತ್ತು ತಂದು, ಆ ಪುಡಿಯನ್ನು ಹೊಸ ತಳಿಗೆ ಸವರಿದಳು. ಅಲ್ಲಿಯ ತುಕ್ಕನ್ನೇ ಗೆದ್ದರೆ ಅಣ್ಣನೆದುರು ಎದೆ ತಟ್ಟಿ ಹೇಳಬಹುದಲ್ಲ.

ಗಾಜಿನ ಮನೆಯಲ್ಲಿ ಒಂದು ಕಟ್ಟುಪಾಡಿದೆ. ಮೊದಲು ಚೆನ್ನಾಗಿರುವ ಕುಂಡ ನೋಡಬೇಕು, ರೋಗದ್ದು ಆಮೇಲೆ. ಇಲ್ಲವಾದರೆ ತೋಳಿಗೆ ಅಂಟಿದ ಪುಡಿ ಎಲ್ಲೆಲ್ಲೋ ಉದುರುತ್ತದೆ. ಅವಳು ಹೊಸಬರಿಗೆ ಬೈದು ಕಲಿಸಿದ ಪಾಠವಿದು. ಆ ದಿನ ಬೆನ್ನುನೋವಿಗೆ ಸೋತು, ಬಾಗಿಲ ಹತ್ತಿರವಿದ್ದ ರೋಗದ ಕುಂಡಗಳನ್ನೇ ಮೊದಲು ಮುಗಿಸಿದಳು. ಹೊಸ ತಳಿಯ ಬಳಿ ಬಂದಾಗ ಎಲೆಯ ಮೇಲೆ ಕಿತ್ತಳೆ ಪುಡಿ ಕಂಡಿತು. ತಳಿ ಸೋತಿತೆಂದುಕೊಂಡಳು. ಆಮೇಲೆ ತನ್ನ ತೋಳು ನೋಡಿಕೊಂಡಳು: ಮೊಣಕೈವರೆಗೆ ಪುಡಿ. ತನ್ನದೇ ತಪ್ಪು! ಜೀವಮಾನದಲ್ಲಿ ತನ್ನ ತಪ್ಪಿಗೆ ಅಷ್ಟು ಸಂತೋಷಪಟ್ಟಿರಲಿಲ್ಲ. ಒದ್ದೆ ಹತ್ತಿಯಿಂದ ಎಲೆ ಒರೆಸಿ ಮನೆಗೆ ಹೋದಳು.

ಮರುದಿನ ತೊಳೆದ ಅಂಗಿ ತೊಟ್ಟು, ನೇರ ಅಲ್ಲಿಗೇ ಬಂದಳು. ಒರೆಸಿದಲ್ಲೇ ಪುಡಿ ಮತ್ತೆ ಎದ್ದಿತ್ತು. ಎಲೆಯ ಮೇಲ್ಪೊರೆ ಒಳಗಿನಿಂದ ಒಡೆದು ಬಾಯಿ ಬಿಟ್ಟಿತ್ತು. ಇನ್ನು ತೋಳನ್ನು ದೂರುವಂತಿರಲಿಲ್ಲ. ಸ್ಟೂಲಿನ ಮೇಲೆ ಕೂತು ಸಾಹೇಬರನ್ನು ಕರೆಸಿದಳು.

ಅವರು ಮಸೂರ ಹಿಡಿದು ಬಹಳ ಹೊತ್ತು ನೋಡಿದರು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ," ಎಂದರು. "ಒಂದೇ ಬೀಗ ನಂಬಿ ಕೂತ್ವಿ. ಈ ತುಕ್ಕು ಅದನ್ನ ತೆಗೆಯೋದು ಕಲ್ತಿದೆ. ಇನ್ಮೇಲೆ ಎರಡು ಮೂರು ಜೀನ್ ಒಟ್ಟಿಗೆ ಸೇರಿಸ್ಬೇಕು."

"ಮತ್ತೆ ಮೊದಲಿಂದ?"

"ಮೊದಲಿಂದ. ಇದನ್ನ ಸಾಯೋಕೆ ಬಿಡ್ಬೇಡಿ. ಮುಂದಿನ ತಳಿ ಇದನ್ನೇ ಗೆಲ್ಬೇಕು."

ಅವಳಿಗೆ ಅಳುವಷ್ಟು ಶಕ್ತಿಯೂ ಇರಲಿಲ್ಲ. ಸಂಜೆ ಅಣ್ಣನಿಗೆ ಫೋನ್ ಮಾಡಿದಳು. "ಕಾಯ್ಬೇಡಣ್ಣ. ನಿನ್ನ ಹೊಲದ ತುಕ್ಕಿಗೇ ಸೋತುಹೋಯ್ತು."

"ಹೋಗ್ಲಿ ಬಿಡು," ಎಂದ ಅಣ್ಣ. "ನೀನು ಏನಾದ್ರೂ ತಿಂದ್ಯಾ ಪುಟ್ಟಿ?"

ಭಟ್ಟಿಯ ಲಾರಿಗಳು ಬಂದು ಹೊಲದ ಮಣ್ಣು ಹೊತ್ತೊಯ್ದವು. ಅವಳು ನೋಡಲು ಹೋಗಲಿಲ್ಲ. ಆ ವಾರ ತುಕ್ಕನ್ನು ಹೊಸ ಎಲೆಗೆ ದಾಟಿಸುವುದಿತ್ತು. ತುಕ್ಕಿಗೆ ಅದು ಸಿಕ್ಕ ಜಾಗದ ಹೆಸರನ್ನೇ ಇಡುವುದು ಅಲ್ಲಿಯ ರೂಢಿ. ಹೊಸ ಕುಂಡದ ಚೀಟಿಯ ಮೇಲೆ ಅವಳು "ಅಣ್ಣನ ಹೊಲ" ಎಂದು ಬರೆದಳು. ಆಮೇಲೆ ಬೆರಳಿನಿಂದ ಪುಡಿ ಸವರಿ, ನೀರು ಸಿಂಪಡಿಸಿ, ತಣ್ಣಗಿರಲೆಂದು ಪ್ಲಾಸ್ಟಿಕ್ ಹೊದಿಸಿದಳು.