ಎಡಗೋಡೆಯ ಗೂಟಗಳು

ಮೊನ್ನೆ ಪಕ್ಕದ ಮನೆಯವರು ಹೊಸ ಬಾಗಿಲು ಮಾಡಿಸುತ್ತಿದ್ದರು. ಕಾಫಿ ಲೋಟ ಹಿಡಿದು ಹೊರಗೆ ನಿಂತಿದ್ದೆ. ಹೊನ್ನೆ ಮರದ ಹೊಟ್ಟಿನ ವಾಸನೆ ಗಾಳಿಯಲ್ಲಿ ತೇಲಿ ಬಂತು. ಕಾಫಿ ಆರಿಹೋದದ್ದು ಗೊತ್ತಾಗಲಿಲ್ಲ. ನೀವು ಮರಗೆಲಸದ ಮನೆಯಲ್ಲಿ ಹುಟ್ಟಿದವರಲ್ಲದಿದ್ದರೆ ನಿಮಗೆ ಅದು ಬರೀ ಮರದ ವಾಸನೆ. ನನಗೆ ಅದು ಅಪ್ಪನ ಮೈಯ ವಾಸನೆ.

ಅದನ್ನು ಬರೆಯೋಣವೆಂದು ಟೈಪು ಮಿಷಿನ್ನಿನ ಮುಂದೆ ಕೂತಿದ್ದೇನೆ. ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು. ಮೀಸೆ ಚಿಗುರಿದ ಮೇಲೆ ಸ್ಲೇಟು ಹಿಡಿದವನು ನಾನು. ಮಳವಳ್ಳಿಯ ಸ್ಕೂಲಿನಲ್ಲಿ ನನ್ನ ಮಂಡಿಯೆತ್ತರದ ಮಕ್ಕಳ ಜೊತೆ ಕೂತು ಮಗ್ಗಿ ಒಪ್ಪಿಸುವಾಗ, ಹೊಸದಾಗಿ ಬಂದ ಇನ್ಸ್‌ಪೆಕ್ಟರು ನನ್ನನ್ನೇ ಮೇಷ್ಟ್ರೆಂದು ತಿಳಿದು ನಮಸ್ಕಾರ ಮಾಡಿದ್ದುಂಟು. ಹೀಗಾಗಿ ನಾನು ಬರೆಯುವುದು ನಿಧಾನ. ನೀವೂ ನಿಧಾನವಾಗಿ ಓದಿ.

ನಾನು ಹೇಳುವುದು ಸಾವಿರದ ಒಂಬೈನೂರ ಮೂವತ್ತೈದರ ಆಚೀಚಿನ ವರ್ಷಗಳ ಮಾತು. ನಮ್ಮದು ಪೂರಿಗಾಲಿಯ ದಾರಿಯಲ್ಲಿ ಸಿಗುವ ಒಂದು ಹಳ್ಳಿ. ಅಪ್ಪ ಊರಿಗೆ ಆಚಾರಿ. ನೇಗಿಲು, ಕುಂಟೆ, ಗಾಡಿ, ಬಾಗಿಲು, ತೊಟ್ಟಿಲು ಎಲ್ಲಾ ಅವನ ಕೈಯಲ್ಲೇ ಆಗಬೇಕು. ದನದ ಕೊಟ್ಟಿಗೆಯ ಅರ್ಧಕ್ಕೆ ತಡಿಕೆ ಕಟ್ಟಿ ಅದನ್ನೇ ಕೆಲಸದ ಮನೆ ಮಾಡಿಕೊಂಡಿದ್ದ. ತಡಿಕೆಯ ಆಚೆ ಎಮ್ಮೆ, ಈಚೆ ಅಪ್ಪ.

ಅಲ್ಲಿ ಮೇಜು ಇರಲಿಲ್ಲ, ಬೀರು ಇರಲಿಲ್ಲ. ಅಪ್ಪ ಬಾಗಿಲಿಗೆ ಮುಖ ಮಾಡಿ ನೆಲದ ಮೇಲೆ ಕೂತು, ಮರವನ್ನು ಎರಡು ಪಾದಗಳ ನಡುವೆ ಇರುಕಿಸಿಕೊಂಡು ಕೆತ್ತುತ್ತಿದ್ದ. ಎಡಕ್ಕೆ ಬೋಳು ಮಣ್ಣಿನ ಗೋಡೆ. ಬಲಕ್ಕೂ ಮಣ್ಣಿನ ಗೋಡೆ. ಅದರ ತುಂಬ ಗೂಟಗಳು. ಗೂಟಗಳಲ್ಲಿ ಬಾಚಿ, ಗರಗಸ, ಕೊಡತಿ, ಬೈರಿಗೆ. ಉಳಿಗಳಿಗೆ ಸೀಳುಬಿಟ್ಟ ಒಂದು ಹಲಗೆ. ಎಣ್ಣೆ ಬಟ್ಟೆಗೂ ಸಾಣೆಕಲ್ಲಿಗೂ ಗೋಡೆಯಲ್ಲೇ ಕೊರೆದ ಒಂದು ಗೂಡು. ನೋಡಿದವರಿಗೆ ಸಂತೆಯಲ್ಲಿ ತೂಗುಹಾಕಿದ ಹಾಗೆ ಕಾಣುತ್ತಿತ್ತು, ದೊಡ್ಡದರ ಪಕ್ಕ ಸಣ್ಣದು, ಸಣ್ಣದರ ಪಕ್ಕ ದೊಡ್ಡದು. ಆದರೆ ಅದು ಗಾತ್ರದ ಸಾಲಲ್ಲ, ಕೆಲಸದ ಸಾಲು. ಮರ ಕೆತ್ತಲು ಮೊದಲು ಬೇಕಾಗುವ ಬಾಚಿ ಕೈಗೆ ಹತ್ತಿರ, ಮುಂದೆ. ಗರಗಸದ ಹಲ್ಲು ಮಸೆಯಲು ಯಾವಾಗಲೋ ಬೇಕಾಗುವ ಅರ ಹಿಂದೆ, ಬೆನ್ನ ಕಡೆ. ಅಪ್ಪ ಗೋಡೆಯ ಕಡೆ ತಿರುಗಿ ನೋಡುತ್ತಲೇ ಇರಲಿಲ್ಲ. ಕೈ ಹೋಗುತ್ತಿತ್ತು, ತರುತ್ತಿತ್ತು.

ಒಂದು ದಿನ ನಾನು ಬಾಚಿಯನ್ನು ಗರಗಸದ ಗೂಟಕ್ಕೆ ಹಾಕಿಬಿಟ್ಟೆ.

"ಲೇ ಮೇಷ್ಟ್ರೇ," ಅಂದ ಅಪ್ಪ. ಸ್ಕೂಲಿಗೆ ಸೇರಿದಾಗಿನಿಂದ ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. "ನೀ ಮನೀಕೊಳ್ಳೊ ಜಾಗ್ದಲ್ಲಿ ಎಮ್ಮೆ ತಂದು ಕಟ್ತೀನಿ, ಒಪ್ಕತ್ತೀಯೇನ್ಲಾ?"

ಆ ಗೋಡೆಯನ್ನು ಅವ್ವ ಮುಟ್ಟುತ್ತಿರಲಿಲ್ಲ. ಹೆಂಗಸರು ಸಾಮಾನು ಮುಟ್ಟಬಾರದು ಅನ್ನುವುದು ನಮ್ಮ ಮನೆಯ ಕಟ್ಟಳೆ. ಕೊಟ್ಟಿಗೆ ಗುಡಿಸುವಾಗಲೂ ಸೆರಗು ಒತ್ತಿಕೊಂಡು ಗೋಡೆಯಿಂದ ದೂರ ಸರಿದು ಗುಡಿಸುತ್ತಿದ್ದಳು.

ಒಂದು ಬೇಸಿಗೆಯಲ್ಲಿ, ಗಾಡಿಗೆ ನೊಗ ಕಟ್ಟುವ ಮೂಕಿಮರ ಕೆತ್ತುತ್ತಿದ್ದಾಗ, ಬಾಚಿ ಅಪ್ಪನ ಕೈಯಿಂದ ಜಾರಿ ಬಿತ್ತು. "ಕೈ ಜೋಮು ಇಡೀತು ಕಣ್ಲಾ," ಅಂದ. ಜೋಮು ಬಿಡಲಿಲ್ಲ. ಲಕ್ವ ಬಲಮೈಗೆ ಹೊಡೆದಿತ್ತು. ಕಾಲು ಕ್ರಮೇಣ ಸುಧಾರಿಸಿತು, ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ಭುಜದಿಂದ ಜೋತುಬಿತ್ತು.

ಎಡಗೈ ಚೆನ್ನಾಗಿಯೇ ಇತ್ತು. ಆದರೆ ಎಡಗೈ ಅಪ್ಪನ ಲೆಕ್ಕದಲ್ಲಿ ಕೈಯೇ ಅಲ್ಲ. ಅದರಲ್ಲಿ ಉಣ್ಣುವುದಿಲ್ಲ, ಯಾರಿಗೂ ಕೊಡುವುದಿಲ್ಲ, ದೇವರಿಗೆ ಹೂವಿಡುವುದಿಲ್ಲ. ಅವ್ವ ನಮ್ಮನ್ನೆಲ್ಲ ಆಚೆ ಕಳಿಸಿ, ಬಾಗಿಲು ಮುಂದೆ ಮಾಡಿ, ಮುದ್ದೆ ಮುರಿದು ಬಾಯಿಗಿಡುತ್ತಿದ್ದಳು. ಒಳಗಿನಿಂದ ಮಾತು ಕೇಳಿಸುತ್ತಿತ್ತು.

"ಎಡಗೈಲಾದ್ರೂ ಒಂಚೂರು ಕೆಲ್ಸ ಹಿಡೀರಿ."

"ನಾವು ಕೈಮುಗಿಯೋ ಸಾಮಾನು ಕಣೇ. ಎಡಗೈಲಿ ಮುಟ್ಲಾ ಅದ?"

"ಮಕ್ಳ ತೊಳ್ದಿರೋ ಕೈ, ದನ ಸಾಕಿರೋ ಕೈ. ಅದೇನ್ ಪಾಪ ಮಾಡದೆ?"

ಆಮೇಲೆ ಅಪ್ಪ ಜಗುಲಿಯ ಮೇಲೆ ಕೊಟ್ಟಿಗೆಗೆ ಬೆನ್ನು ಹಾಕಿ ಮಲಗಿಬಿಡುತ್ತಿದ್ದ. ಜನ ಬಂದು ನೇಗಿಲು ಕೇಳಿದರೆ "ಆಚಾರಿ ಸತ್ತೋದ ಅನ್ಕೊಳಿ" ಅನ್ನುತ್ತಿದ್ದ. ತಮಾಷೆಗೆ ಹೇಳಿದ್ದಲ್ಲ. ದಿನದಿನಕ್ಕೆ ಅವನು ಹಾಗೇ ಆಗುತ್ತಿದ್ದ.

ಮಳೆಗಾಲ ಕಳೆಯುವ ಹೊತ್ತಿಗೆ ಮದ್ದೂರಿನಿಂದ ಚಿಕ್ಕಪ್ಪ ಬಂದ. ಅಪ್ಪನ ಒಡಹುಟ್ಟಿದ ತಮ್ಮ, ಅವನದೂ ಇದೇ ಕಸುಬು. ಕೆಟ್ಟವನಲ್ಲ. ಅಣ್ಣನ ಕಾಲು ಒತ್ತುತ್ತಾ ಕೂತು ಹೇಳಿದ: "ಅಣ್ಣಯ್ಯ, ನಾಲೆ ನೀರ್ ಬಂದ್ಮೇಲೆ ನಮ್ ಕಡೆ ಎಲ್ನೋಡುದ್ರೂ ಕಬ್ಬು. ಗಾಡಿ ಮಾಡ್ಕೊಡು ಅಂತ ಜನ ಮನೆ ಮುಂದೇನೇ ಕುಂತವ್ರೆ. ನಿನ್ ಸಾಮಾನು ಇಲ್ಲಿ ತುಕ್ಕಿಡೀತವೆ. ನಂಗ್ ಕೊಟ್ಬುಡು."

"ತಕ್ಕೊಂಡೋಗ್ಲಾ. ಇನ್ ನಂಗ್ಯಾತಕ್ಕೆ," ಅಂದ ಅಪ್ಪ, ಜಗುಲಿಯ ಗೋಡೆಯ ಕಡೆ ಮುಖ ಮಾಡಿಕೊಂಡೇ.

ಒಳಗಿದ್ದ ಅವ್ವ ಬಾಗಿಲಿಗೆ ಬಂದಳು. "ಆಯುಧಪೂಜೆ ಆಗೋಗ್ಲಿ ಕಣಪ್ಪ. ಈ ಮನೇಲಿ ಕಡೇ ಪೂಜೆ ಮಾಡಿ ಕಳುಸ್ತೀನಿ. ಬರೀ ಗೋಡೆಗೆ ಪೂಜೆ ಮಾಡಾದಾ?" ಚಿಕ್ಕಪ್ಪ ಒಪ್ಪಿದ.

ಪೂಜೆಯ ದಿನ ಸಾಮಾನೆಲ್ಲ ಗೋಡೆಯಿಂದ ಕೆಳಗಿಳಿಯಬೇಕು. ನಾನೇ ಇಳಿಸಿದೆ, ಬೂದಿ ಹಾಕಿ ಉಜ್ಜಿದೆ, ಎಣ್ಣೆ ಸವರಿ ಮಣೆಯ ಮೇಲೆ ಜೋಡಿಸಿದೆ. ಅಪ್ಪ ಕೊಟ್ಟಿಗೆಯ ಕಡೆ ಸುಳಿಯಲಿಲ್ಲ. ಮಂಗಳಾರತಿಯನ್ನು ಜಗುಲಿಗೇ ಒಯ್ದು ಕೊಟ್ಟೆವು. ಅಂದು ಸಾಮಾನಿಗೆ ಬಿಡುವು. ಮಾರನೆಯ ದಿನ ವಿಜಯದಶಮಿಗೆ ಅವು ಮತ್ತೆ ಗೋಡೆ ಹತ್ತಬೇಕು. ಅಥವಾ ಆ ವರ್ಷ, ಮದ್ದೂರಿನ ಬಸ್ಸು.

ಬೆಳಿಗ್ಗೆ ಕೊಟ್ಟಿಗೆಯಲ್ಲಿ ಠಕ್ ಠಕ್ ಸದ್ದು. ಹೋಗಿ ನೋಡಿದರೆ ಅವ್ವ. ಬಲಗೋಡೆಯ ಗೂಟಗಳನ್ನೆಲ್ಲ ಕಿತ್ತು ಎಡಗೋಡೆಗೆ ಗುಂಡುಕಲ್ಲಿನಿಂದ ಬಡಿಯುತ್ತಿದ್ದಾಳೆ. ಉಳಿಹಲಗೆ ಆಗಲೇ ಆ ಕಡೆ ಸೇರಿತ್ತು. ತಲೆಗೆ ಸ್ನಾನ ಮಾಡಿ ಒದ್ದೆ ಕೂದಲು ಗಂಟು ಹಾಕಿದ್ದಳು. ಬಾಚಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ಗೂಟಕ್ಕೆ ಸಿಕ್ಕಿಸಿದಳು. ಆಮೇಲೆ ಗರಗಸ.

"ಏನವ್ವ ಇದು?"

"ನೀ ಸುಮ್ಕಿರು. ಗೂಡಲ್ಲಿರೋ ಎಣ್ಣೆಬಟ್ಟೆ ಕೊಡಿಲ್ಲಿ."

ಚಿಕ್ಕಪ್ಪ ಹೆಗಲ ಮೇಲೆ ಗೋಣಿಚೀಲ ಹಾಕಿಕೊಂಡು ಬಂದ. ಅಪ್ಪನೇ ಬಂದು ಒಪ್ಪಿಸಲೆಂದು ಅವನನ್ನೂ ಕೈಹಿಡಿದು ನಡೆಸಿಕೊಂಡು ಬಂದಿದ್ದ. ಅಪ್ಪ ಹೊಸಿಲಲ್ಲಿ ನಿಂತ. ಬಲಗೋಡೆಯ ಬರೀ ತೂತುಗಳನ್ನು ನೋಡಿದ. ಎಡಗೋಡೆಯ ಕಡೆ ತಿರುಗಿದ.

"ಯಾವಳ್ಲೇ ಇದ ಮಾಡ್ದೋಳು?"

ಅಪ್ಪ ಕಾಲೆಳೆದುಕೊಂಡು ಒಳಗೆ ಬಂದ. ಬೈಯುವುದಕ್ಕೇ ಬಂದ. ಆದರೆ ಕಾಲು ಸೋತು ತನ್ನ ಹಳೆಯ ಜಾಗದಲ್ಲೇ ಕೂತ. ಕೂತವನು ಗೋಡೆಯನ್ನು ದಿಟ್ಟಿಸಿದ. ಎಡಗೈ ಚಾಚಿದ, ಸಿಗಲಿಲ್ಲ.

ಅವ್ವ ಪಾಪ ಬಲಗೋಡೆಯಲ್ಲಿ ಎಡದಿಂದ ಬಲಕ್ಕೆ ಹೇಗಿತ್ತೋ ಹಾಗೇ ಇಲ್ಲೂ ಹಾಕಿದ್ದಳು. ಗೋಡೆ ಬದಲಾದರೆ ಸಾಲೂ ತಿರುಗಬೇಕೆಂದು ಅವಳಿಗೆ ತೋಚಿರಲಿಲ್ಲ. ಮುಂದೆ ಇರಬೇಕಾದ ಬಾಚಿ ಬೆನ್ನ ಹಿಂದೆ ಹೋಗಿತ್ತು. ಬೆನ್ನ ಹಿಂದಿನ ಅರ ಮೂಗಿನ ಮುಂದೆ ತೂಗುತ್ತಿತ್ತು.

"ಬಾಚಿ ಇಂದ್ಗಡೆ ಮಡಗವ್ಳೆ! ನಂಗೇನ್ ಬೆನ್ನಲ್ಲಿ ಕಣ್ಣವಾ? ಲೇ," ಚಿಕ್ಕಪ್ಪನ ಕಡೆ ತಿರುಗಿದ, "ಗರ ಬಡ್ದೋನಂಗೆ ನಿಂತಿದೀಯಲ್ಲ, ಕೀಳ್ಲಾ ಆ ಗೂಟಾವ!"

ಚಿಕ್ಕಪ್ಪ ಚೀಲ ಕೆಳಗೆ ಹಾಕಿದ. ಒಂದು ಗಳಿಗೆ ಅವ್ವನ ಮುಖ ನೋಡಿದ. ಆಮೇಲೆ ಗೂಟ ಕೀಳತೊಡಗಿದ.

"ಅಲ್ಲಲ್ಲ ಕಣ್ಲಾ. ನನ್ ತೋಳು ಎಲ್ಲಿಗ್ ಬತ್ತದೆ ನೋಡು. ಹಾಂ, ಅಲ್ಲಿಗ್ ಬಡಿ. ಮದ್ದೂರಲ್ಲಿ ಗೂಟ ಇಂಗೇ ಬಡೀತೀರೇನ್ಲಾ? ಗಾಡಿ ಮಾಡ್ತಾನಂತೆ ಗಾಡಿ!"

ಆರು ತಿಂಗಳಿಂದ ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಚಿಕ್ಕಪ್ಪ ಬೆವೆತುಹೋದ. ಕೊನೆಗೆ ಬಾಚಿ ಅದರ ಹೊಸ ಜಾಗಕ್ಕೆ ಬಂದಾಗ ಅಪ್ಪನ ಎಡಗೈ ತಾನಾಗಿಯೇ ಹೋಗಿ ಹಿಡಿಯಿತು. ಹಿಡಿದ ಮೇಲೆ ಅವನಿಗೆ ಗೊತ್ತಾಯಿತು. ಕಣ್ಣು ಮುಚ್ಚಿ ಬಾಚಿಯನ್ನು ಹಣೆಗೆ ಒತ್ತಿಕೊಂಡ. ನಾನು ಒಂದು ತುಂಡು ಮರ ತಂದು ಅವನ ಪಾದಗಳ ನಡುವೆ ಇಟ್ಟೆ. ಮೊದಲ ಏಟು ನೆಲಕ್ಕೆ ಬಿತ್ತು. ಎರಡನೆಯದು ಮರದ ತೊಗಟೆ ಕಿತ್ತಿತು. ಯಾರೂ ನಗಲಿಲ್ಲ.

ಚಿಕ್ಕಪ್ಪ ಖಾಲಿ ಚೀಲವನ್ನು ಮಡಚಿ ಕಂಕುಳಿಗಿಟ್ಟುಕೊಂಡ. "ಬತ್ತೀನಿ ಅತ್ಗೆ," ಅಂದ. ಅಪ್ಪ ತಲೆಯೆತ್ತದೆ "ದೊಡ್ಡ ಗರಗ್ಸ ತಕ್ಕೊಂಡೋಗ್ಲಾ, ಅದ ಎಳ್ಯಾಕೆ ಇಬ್ರು ಬೇಕು" ಅಂದ. ಅದೊಂದೇ ಮದ್ದೂರಿಗೆ ಹೋದದ್ದು.

ಅಪ್ಪ ಮತ್ತೆ ಗಾಡಿ ಮಾಡಲಿಲ್ಲ. ಮಣೆ, ಸೌಟು, ಮಡಕೆಯ ಮುಚ್ಚಳ, ಗುದ್ದಲಿಯ ಕಾವು, ಇಂಥವು. ಉಳಿಯ ಕೆಲಸ ಬಂದಾಗ ಒಂದು ಕೈಗೆ ಆಗುತ್ತಿರಲಿಲ್ಲ. ಅವ್ವ ಎದುರು ಕೂತು ಉಳಿ ಹಿಡಿಯುತ್ತಿದ್ದಳು, ಅಪ್ಪ ಎಡಗೈಯಲ್ಲಿ ಕೊಡತಿ ಎತ್ತಿ ಹೊಡೆಯುತ್ತಿದ್ದ. ಗುರಿ ತಪ್ಪಿದರೆ ಅವಳ ಬೆರಳು. ತಪ್ಪಿದ್ದೂ ಉಂಟು. ಆದರೂ ಅವಳು ಹಿಡಿಯುವುದನ್ನು ಬಿಡಲಿಲ್ಲ. ಎಡಗೈಯಲ್ಲಿ ಉಣ್ಣುವುದಕ್ಕೆ ಮಾತ್ರ ಅವನು ಕೊನೆಯವರೆಗೂ ಒಪ್ಪಲಿಲ್ಲ.

ಇಷ್ಟು ಟೈಪು ಮಾಡಿ ನೀರು ಕುಡಿಯಲು ಅಡುಗೆಮನೆಗೆ ಹೋದೆ. ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ಯಾಕೋ ನಿಂತು ನೋಡಿದೆ. ಮೇಲಿನ ಹಲಗೆ ಖಾಲಿ. ಉಪ್ಪಿನ ಜಾಡಿ, ಹುಣಸೆ, ಬೇಳೆ ಡಬ್ಬಗಳು, ಎಲ್ಲ ನೆಲದ ಮೇಲೆ ಗೋಡೆಗೊರಗಿ ನಿಂತಿದ್ದವು.

"ಇದ್ಯಾವಾಗ ಕೆಳಗಿಳೀತು?"

"ಓದ್ ಚಳಿಗಾಲ್ದಲ್ಲಿ ಕಣ್ರೀ. ತೋಳು ಮೇಲಕ್ಕೇಳಾಕಿಲ್ಲ." ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

ದಿನಾ ಆ ಅಡುಗೆಮನೆಯಲ್ಲೇ ಉಣ್ಣುವವನು ನಾನು. ಮೇಲಿನ ಹಲಗೆಯ ಮೊಳೆ ಕಿತ್ತೆ. ಹಲಗೆಯನ್ನು ಅವಳ ಪಕ್ಕದ ಗೋಡೆಗೆ ಆನಿಸಿ ಹಿಡಿದು ಕೇಳಿದೆ: "ಇಲ್ಲಿಗೆ ಸಾಕಾ?"

ಅವಳು ಕೈಯೊರೆಸಿಕೊಂಡು, ತೋಳು ಚಾಚಿ ನೋಡಿದಳು. ನೋವಿಗೆ ಮುಖ ಕಿವುಚಿದಳು.

"ಇನ್ನೊಂಚೂರು ಕೆಳೀಕೆ," ಅಂದಳು.

ಇಳಿಸಿದೆ.