ಕೊಟ್ಟ ಗಿಡ ಹತ್ತುವುದಿಲ್ಲ

ಮೊನ್ನೆ ಬಾಳ್ಳುಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಒಂದು ಬಟ್ಟೆ ಅಂಗಡಿಯ ಮುಂದೆ ಒಡಕು ಬಕೆಟ್ಟಿನಲ್ಲಿ ಫುಟ್‌ಬಾಲ್ ಲಿಲ್ಲಿ ಅರಳಿ ನಿಂತಿತ್ತು. ಎಲೆ ಇನ್ನೂ ಬಂದಿರಲಿಲ್ಲ. ಬರೀ ದಂಟು, ತುದಿಗೆ ಕೆಂಪು ಚೆಂಡು. ಎರಡು ಮಳೆ ಬಿದ್ದರೆ ಸಾಕು, ಮಣ್ಣು ಸೀಳಿ ಎದ್ದುಬಿಡುತ್ತದೆ. ಆಫ್ರಿಕಾದ ಗಿಡವಂತೆ. ನನಗೆ ಮಾತ್ರ ಅದು ಹೊಂಗಡಹಳ್ಳದ ರೈಟರಮ್ಮನ ಗಿಡ...

ನಾನು ಮದುವೆಯಾಗಿ ಹೊಂಗಡಹಳ್ಳಕ್ಕೆ ಬಂದಾಗ ಅವರು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ. ಸ್ಕೂಲಿಗೆ ಹೋಗುವ ಮಗಳು, ಅಂಗಳದ ತುಂಬ ಲಿಲ್ಲಿ. ಬಯಲುಸೀಮೆಯವಳಾದ ನಾನು ಅಂಥ ಹೂವನ್ನು ಕಂಡೇ ಇರಲಿಲ್ಲ. ಒಂದು ಗೆಡ್ಡೆ ಕೊಡಿ ಎಂದು ಕೇಳಿದೆ.

"ಕೊಟ್ಟಿದ್ದು ಹತ್ತಲ್ಲ ಕಣವ್ವ, ಬೇರು ಬಿಡಲ್ಲ," ಎಂದರು. ಆಮೇಲೆ, "ಒಲೆ ಮೇಲೆ ಹಾಲೈತೆ, ನೋಡ್ಕಂಡ್ ಬತ್ತೀನಿ ಇರು," ಎಂದು ಒಳಗೆ ಹೋದರು.

ಮೂರು ವರ್ಷ ಇದೇ ಮಾತು, ಇದೇ ಹಾಲು. ಒಮ್ಮೆಯಂತೂ ಚಿಕ್ಕ ಗುದ್ದಲಿಯನ್ನು ನನ್ನ ಕಾಲ ಬಳಿಯೇ ಬಿಟ್ಟು ಹೋಗಿದ್ದರು. ನಾನೋ ಮಹಾ ಮರ್ಯಾದಸ್ಥೆ, ಕೈಕಟ್ಟಿ ನಿಂತಿದ್ದೆ! ಎಂಜಲು ಕೈಯಲ್ಲಿ ಕಾಗೆ ಓಡಿಸದ ಹೆಂಗಸು ಎಂದು ಮನಸ್ಸಿನಲ್ಲೇ ಬೈದುಕೊಂಡು ಮಾತು ಬಿಟ್ಟೆ. ರೈಟರು ಕೆಲಸ ಬಿಟ್ಟು ಸಾಮಾನನ್ನು ಜೀಪಿಗೆ ಹೇರಿದ ದಿನ, ರೈಟರಮ್ಮ ಹೇಳಿಹೋಗಲು ಬಂದು ಬಾಗಿಲಲ್ಲಿ, ದಾಸವಾಳದ ಗಿಡದ ಪಕ್ಕ ನಿಂತು ಕರೆದರು. ನಾನು ಒಳಗೇ ಇದ್ದೆ, ಹೊರಗೆ ಬರಲಿಲ್ಲ.

ಆಮೇಲೆ ಅತ್ತೆಗೆ ದೂರು ಹೇಳಿದರೆ, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ ಪೆದ್ದಿ, ಕದ್ದು ತಂದ ಗಿಡ ಅಲ್ವೇನೆ ಹತ್ತೋದು? ನೀನು ಕದೀಲಿ ಅಂತ್ಲೇ ಅವ್ಳು ಒಳಗೆ ಹೋಗ್ತಿದ್ದಿದ್ದು."

ಅಷ್ಟರಲ್ಲಿ ಹೊಸ ರೈಟರು ಆ ಅಂಗಳವನ್ನು ಕಾಫಿ ಒಣಗಿಸುವ ಕಣ ಮಾಡಿಬಿಟ್ಟಿದ್ದರು. ಹೋದವರು ಎಲ್ಲಿದ್ದಾರೆಂದು ಕೇಳಿದೆ. ಆಲೂರು ಎಂದರೊಬ್ಬರು, ಮೂಡಿಗೆರೆ ಎಂದರೊಬ್ಬರು... ಹುಡುಕಿಕೊಂಡು ಹೋಗಬಹುದಿತ್ತು. ಆದರೆ ಯಾವ ಮುಖ ಇಟ್ಟುಕೊಂಡು ಹೋಗಲಿ?

ಮೊನ್ನೆ ಆ ಅಂಗಡಿಯಾಕೆ ನನ್ನನ್ನೇ ನೋಡುತ್ತಿದ್ದಳು. "ಹೊಂಗಡಹಳ್ಳದ ಅಕ್ಕ ಅಲ್ವಾ? ನಾನು ರೈಟರ ಮಗಳು."

ಅಮ್ಮ ಹೇಗಿದ್ದಾರೆ ಎಂದೆ.

"ಹೋದ್ ವರ್ಷ ಹೋಗ್ಬುಟ್ರು ಅಕ್ಕ." ಮಡಚುತ್ತಿದ್ದ ಬಟ್ಟೆ ಬದಿಗಿಟ್ಟು ನಕ್ಕಳು. "ನಿಮ್ಮನೆ ದಾಸವಾಳ ಈಗ್ಲೂ ನಮ್ಮನೆ ಮುಂದೆ ಐತೆ. ಹೊರಟ ದಿನ ಕರೆದ್ರೂ ನೀವು ಹೊರಗೆ ಬರ್ಲಿಲ್ವಂತೆ. 'ನಾನು ಕಡ್ಡಿ ಮುರ್ಕೊಳ್ಲಿ ಅಂತ್ಲೇ ಒಳಗಿದ್ಲು ಕಣೆ, ಕೊನೆಗೂ ಕಲ್ತ್‌ಬುಟ್ಲು ಹುಡುಗಿ' ಅಂತ ಅಮ್ಮ ಎಲ್ರಿಗೂ ಹೇಳೋರು."

ಹೌದು ಎಂದೆ. ಬಸ್ಸು ಹತ್ತಿ ಕೂತ ಮೇಲೆ ಅಳು ತಡೆಯಲಾಗಲಿಲ್ಲ. ಇನ್ನೊಂದೇ ಒಂದು ಸಲ ಅವರು ನಮ್ಮ ಬಾಗಿಲಲ್ಲಿ ನಿಂತು ಕರೆಯಬಾರದೇ... ಓಡಿ ಬರುತ್ತಿದ್ದೆ.