ಶಿಥಿಲ ಎಂದು ನಾನೇ ಬರೆದ ಹನ್ನೊಂದು ಮನೆಗಳು

೧೯೯೮ರಲ್ಲಿ ನನಗೆ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ವರ್ಗವಾಯಿತು. ಹುದ್ದೆ ಜೂನಿಯರ್ ಇಂಜಿನಿಯರ್. ನೇಕಾರರ ಒಂದು ಹಳೆಯ ಓಣಿಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ, ಓಣಿಗೆ ಮತ್ತೆ ಜೀವ ತುಂಬುವುದು ನನ್ನ ಕೆಲಸ. ಯೋಜನೆ ನಮ್ಮ ಸಾಹೇಬರದು. ಟೇಪು ಹಿಡಿಯುವುದರಿಂದ ಎಸ್ಟಿಮೇಟ್ ಬರೆಯುವವರೆಗೆ ನನಗೆ ಕಲಿಸಿದವರು ಅವರೇ. ಅವರು ಹೇಳಿದರೆ ಹಗಲನ್ನು ರಾತ್ರಿ ಎನ್ನಲೂ ನಾನು ತಯಾರಿದ್ದೆ.

ಅವು ಮಾಳಿಗೆ ಮನೆಗಳು. ಎರಡೂವರೆ ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ ಜಂತೆ, ಅದರ ಮೇಲೆ ನೀರು ಇಳಿಯಬಿಡದ ಚೌಳು ಮಣ್ಣು. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಗುಂಡಿಮಗ್ಗಕ್ಕೆ ಈ ತಂಪೇ ಬೇಕು. ಆರ್‌ಸಿಸಿ ಮನೆಗೆ ಹೋದವರ ಮಗ್ಗದಲ್ಲಿ ಬೇಸಿಗೆ ಬಂತೆಂದರೆ ರೇಷ್ಮೆ ಎಳೆ ಕಡಿಯುತ್ತಿತ್ತು. ಹಳೆಯ ಮನೆ ಉಳಿಸುವುದು ಚಂದಕ್ಕಲ್ಲ, ಕಸುಬಿಗೆ ಎಂದು ನನಗೆ ಅರ್ಥವಾದದ್ದು ಅಲ್ಲೇ.

ಮೊದಲು, ಬೀಗ ಬಿದ್ದಿದ್ದ ಒಂದು ಮನೆಯ ಕೊಳೆತ ತೊಲೆ ಬದಲಿಸಿ, ಹೊಸ ಮಣ್ಣು ಹಾಸಿ, ಗಾರೆ ಮಾಡಿಸಿದೆವು. ಎರಡು ಮಗ್ಗ ಕೂತವು. ನೇಯುವುದನ್ನು ಕಣ್ಣಾರೆ ನೋಡಿ ಸೀರೆ ಕೊಳ್ಳಲು ಜನ ಓಣಿಗೇ ಬರತೊಡಗಿದರು. ವರ್ಷದೊಳಗೆ ಇನ್ನೆರಡು ಮನೆಗಳ ಬೀಗ ತೆಗೆದರು. ಮೂಲೆಯಲ್ಲಿ ಚಹಾದಂಗಡಿ, ಮಿರ್ಚಿ ಬಂಡಿ ಬಂದವು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆಮೇಲೆ ಸಾಹೇಬರು ಉಳಿದ ಹನ್ನೊಂದು ಮನೆಗಳ ವರದಿ ಕೇಳಿದರು.

"ಶಿಥಿಲ ಅಂತ ಬರೀರಿ. ಗಟ್ಟಿ ಇದೆ ಅಂದ್ರೆ ರಿಪೇರಿಗೆ ಅನುದಾನ ಯಾರು ಕೊಡ್ತಾರೆ?"

ಕಚೇರಿಗಳಲ್ಲಿ ಇದು ಎಲ್ಲರೂ ಬಲ್ಲ ಉಪಾಯ. ಅಳತೆಗೆ ಹೋದಾಗ, ಆ ಹನ್ನೊಂದರಲ್ಲೊಂದು ಮನೆಯ, ಮಗ್ಗದಲ್ಲಿ ಕೂತೇ ಮುದುಕಿಯಾದ ತಿಪ್ಪಮ್ಮ ನನಗೆ ರೊಟ್ಟಿ ಕೊಟ್ಟು ನಗೆಯಾಡಿದರು. "ಉಂಡ ಮನೆ ಜಂತೆ ಎಣಿಸಬಾರ್ದು ಅಂತಾರೆ. ನೀನು ಎಣಿಸಿ ಬರ್ಕಂಡೂ ಹೋಗ್ತೀಯಲ್ಲಪ್ಪ!" ಬರೆದದ್ದನ್ನು ಓದಿ ಹೇಳಿದಾಗ ಮಾತ್ರ ನಗು ನಿಂತಿತು. "ಗೋಡೆ ಬಂಡೆ ಇದ್ದಂಗೈತೆ. ಬೀಳಂಗೈತೆ ಅಂತ ಯಾಕೆ ಬರೀತೀಯಾ?"

"ಹಂಗೆ ಬರೆದ್ರೇನೇ ರಿಪೇರಿ ಆಗೋದು, ಅವ್ವ. ನನ್ನ ನಂಬ್ರಿ."

ಅವರು ವರದಿಗೆ ಒಪ್ಪಿಗೆಯೆಂದು ಹೆಬ್ಬೆಟ್ಟು ಒತ್ತಿದರು. ಅವರನ್ನು ನೋಡಿ ಉಳಿದವರೂ ಒಪ್ಪಿದರು.

ಮೂರು ತಿಂಗಳಿಗೆ ಬಂದದ್ದು ಅನುದಾನವಲ್ಲ, ನೋಟಿಸು. ಕಟ್ಟಡಗಳು ಅಪಾಯಕಾರಿ, ತೆರವು ಮಾಡಿ. ಆಧಾರ, ನನ್ನ ವರದಿ. ಓಣಿಗೆ ಗಿರಾಕಿ ಬರುವುದನ್ನು ಕಂಡು ಆ ಜಾಗದಲ್ಲಿ ವಾಣಿಜ್ಯ ಮಳಿಗೆಗಳ ನಕ್ಷೆ ತಯಾರಾಗಿತ್ತು. ನಕ್ಷೆಯ ಕೆಳಗೆ ಸಾಹೇಬರ ಸಹಿ. ತಾರೀಖು ನನ್ನ ವರದಿಗಿಂತ ಹಿಂದಿನದು.

ಗೋಡೆಗಳು ಗಟ್ಟಿಯಾಗಿವೆ ಎಂದು ಎರಡನೆಯ ವರದಿ ಬರೆದು ನೋಟಿಸಿನ ಮೇಲಿನ ವಿಚಾರಣೆಗೆ ಒಯ್ದೆ. ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟರು.

"ಎರಡರಲ್ಲೂ ನಿಮ್ಮದೇ ಸಹಿ. ಯಾವುದು ಸುಳ್ಳು?"

"ಮೊದಲನೆಯದು, ಸಾರ್."

"ಒಮ್ಮೆ ಸುಳ್ಳು ಬರೆದವರ ಇನ್ನೊಂದು ವರದಿಯನ್ನ ನಾನ್ಯಾಕೆ ನಂಬಲಿ?"

ಪಕ್ಕದಲ್ಲಿ ಕೂತಿದ್ದ ಸಾಹೇಬರು ಮೊದಲನೆಯದನ್ನೇ ಅಧಿಕಾರಿಯ ಮುಂದೆ ಸರಿಸಿದರು.

ತಿಪ್ಪಮ್ಮನ ಗೋಡೆ ಕೆಡವಲು ಬುಲ್ಡೋಜರಿಗೆ ಎರಡು ದಿನ ಹಿಡಿಯಿತು. ಮಗ್ಗದ ಮರಗಳನ್ನು ಗಾಡಿಗೆ ಹೇರಿಸುತ್ತಿದ್ದ ಅವರ ಮುಂದೆ ಹೋಗಿ, ಸಾಹೇಬರು ಮೋಸ ಮಾಡಿದರು ಎಂದೆ.

"ಅವರ್ಯಾರೋ ನಂಗೊತ್ತಿಲ್ಲ," ಎಂದರು. "ನಾನು ಹೆಬ್ಬೆಟ್ಟು ಒತ್ತಿದ್ದು ನಿನ್ನ ಮುಖ ನೋಡಿ ಕಣಪ್ಪ."

ಆಮೇಲಿನ ನೌಕರಿಯಲ್ಲಿ, ಯಾರ ಒಳ್ಳೆಯದಕ್ಕೇ ಆಗಲಿ, ಕಣ್ಣಿಗೆ ಕಾಣದ ಒಂದು ಬಿರುಕನ್ನೂ ನಾನು ಬರೆಯಲಿಲ್ಲ. ಸಾಹೇಬರು ನಂಬಿಸಿ ಕತ್ತು ಕೊಯ್ದರು ಎಂದು ಈಗಲೂ ಬೈಯುತ್ತೇನೆ. ಆದರೆ ಅವರು ಕೊಯ್ದದ್ದು ತಿಪ್ಪಮ್ಮನ ಕತ್ತನ್ನು, ಹಿಡಿದುಕೊಟ್ಟವನು ನಾನು.